ಸೀಸದ ತಗಡು ಇದ್ದವನಿಗೆ ಹೆಸರು ಸಿಕ್ಕಿತು

ಲಂಡನ್ನಿನ ಡ್ರಮಂಡ್ ಸ್ಟ್ರೀಟ್ ಇಲ್ಲಿರೋ ನಮ್ಮವರಿಗೆಲ್ಲ ಗೊತ್ತು. ದೋಸೆ, ಭೇಲ್‌ಪುರಿ, ಮಿಠಾಯಿ ಅಂಗಡಿಗಳ ಬೀದಿ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಯೂಸ್ಟನ್ ರೈಲು ನಿಲ್ದಾಣದ ಪಕ್ಕದಲ್ಲೇ ಸೇಂಟ್ ಜೇಮ್ಸ್ ಗಾರ್ಡನ್ಸ್ ಅಂತ ಒಂದು ಪಾರ್ಕ್ ಇತ್ತು. ದೊಡ್ಡ ಮರಗಳು, ಬೆಂಚು, ಅಲ್ಲೊಂದು ಇಲ್ಲೊಂದು ಹಳೇ ಸಮಾಧಿ ಕಲ್ಲು. ಹುಲ್ಲಿನ ಕೆಳಗೆ ಸುಮಾರು 40,000 ಜನ ಮಲಗಿದ್ದರು.

ಪಿಕಡಿಲಿಯ ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿ ಹೂಳೋಕೆ ಜಾಗ ಸಾಲದೆ, 18ನೇ ಶತಮಾನದ ಕೊನೆಯಲ್ಲಿ ಆ ಪ್ರಾಟೆಸ್ಟೆಂಟ್ ಸಭೆಯವರು ಆಗ ಊರ ಅಂಚಿನಲ್ಲಿದ್ದ ಈ ಜಾಗವನ್ನು ಸ್ಮಶಾನ ಮಾಡಿಕೊಂಡರು. 1853ರಲ್ಲಿ ಅದೂ ಮುಚ್ಚಿತು. 1887ರಲ್ಲಿ ಪಾರ್ಕ್ ಆಯಿತು. 2017ರಲ್ಲಿ ಎಚ್‌ಎಸ್-2 ಅನ್ನೋ ವೇಗದ ರೈಲಿಗಾಗಿ ಪಾರ್ಕಿಗೂ ಬೀಗ ಬಿತ್ತು, ಮರಗಳನ್ನು ಕಡಿದರು. ಆಮೇಲೆ ಇಡೀ ಜಾಗದ ಮೇಲೆ ದೊಡ್ಡ ಚಪ್ಪರ ಎಬ್ಬಿಸಿ, ಅದರೊಳಗೆ ಪುರಾತತ್ವದವರು ಅಗೆಯತೊಡಗಿದರು.

ಅವರಿಗೆ ಬೇಕಾಗಿದ್ದವನೊಬ್ಬ ಇದ್ದ. ಕ್ಯಾಪ್ಟನ್ ಮ್ಯಾಥ್ಯೂ ಫ್ಲಿಂಡರ್ಸ್. ಇಡೀ ಆಸ್ಟ್ರೇಲಿಯಾವನ್ನು ಹಡಗಿನಲ್ಲಿ ಸುತ್ತಿ ಬಂದು, ಅದೆಲ್ಲ ಒಂದೇ ಭೂಖಂಡ ಅಂತ ನಕ್ಷೆ ಬರೆದು ತೋರಿಸಿದವನು, ಆಸ್ಟ್ರೇಲಿಯಾ ಅನ್ನೋ ಹೆಸರು ಬಳಕೆಗೆ ಬರೋಕೂ ಕಾರಣನಾದವನು. ಮದುವೆಯಾದ ಕೆಲವೇ ತಿಂಗಳಿಗೆ ಹಡಗು ಹತ್ತಿದವನನ್ನು, ವಾಪಸ್ ಬರುವಾಗ ಮಾರಿಷಸ್‌ನಲ್ಲಿ ಫ್ರೆಂಚರು ಆರು ವರ್ಷಕ್ಕೂ ಜಾಸ್ತಿ ಹಿಡಿದಿಟ್ಟರು. 1814ರಲ್ಲಿ ಅವನ ಪುಸ್ತಕ ಅಚ್ಚಾಗಿ ಹೊರಬಂದ ಮಾರನೇ ದಿನವೇ ತೀರಿಕೊಂಡ. ಆಗಿನ್ನೂ 40 ವರ್ಷ. ಮುಂದೆ ಸಮಾಧಿ ಕಲ್ಲೂ ಕಾಣೆಯಾಗಿ, ಅವನು ಯೂಸ್ಟನ್ನಿನ ಪ್ಲಾಟ್‌ಫಾರಂ ಕೆಳಗೆ ಎಲ್ಲೋ ಇದ್ದಾನೆ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. (ಈಜಿಪ್ಟಿನಲ್ಲಿ ಅಗೆದು ಹೆಸರು ಮಾಡಿದ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಇವನ ಮಗಳ ಮಗ. ಮೊಮ್ಮಗ ಬದುಕಿದ್ದರೆ ಎಷ್ಟು ಖುಷಿಪಡುತ್ತಿದ್ದನೋ!)

2019ರ ಜನವರಿಯಲ್ಲಿ ಸಿಕ್ಕೇಬಿಟ್ಟ. ಹೇಗೆ ಗೊತ್ತಾಯಿತು? ಶವಪೆಟ್ಟಿಗೆಯ ಮುಚ್ಚಳದ ಮೇಲೆ, ಎದೆಯ ನೇರಕ್ಕೆ, ಸೀಸದ ತಗಡು ಹೊಡೆದಿದ್ದರು. ಹೆಸರು, ಸತ್ತ ತಾರೀಕು, ವಯಸ್ಸು, ಎಲ್ಲ ಅಕ್ಷರ ಓದೋ ಹಾಗಿತ್ತು. ಸೀಸ ಮಣ್ಣಿನಲ್ಲಿ ಇನ್ನೂರು ವರ್ಷ ಬಿದ್ದಿದ್ದರೂ ಅಷ್ಟಾಗಿ ಕೆಡಲ್ಲ. ಆದರೆ ಆ ಸ್ಮಶಾನದ ಬಹಳಷ್ಟು ಪೆಟ್ಟಿಗೆಗಳಿಗೆ ಇದ್ದದ್ದು ಅಗ್ಗದ ತವರದ ತಗಡು. ಅದು ತುಕ್ಕು ಹಿಡಿದು ಪುಡಿಯಾಗಿ, ಬರೆದ ಹೆಸರೂ ಅದರ ಜೊತೆಗೇ ಹೋಗಿಬಿಟ್ಟಿತ್ತು.

ನನಗೆ ಇಲ್ಲೇ ಹೊಟ್ಟೆ ಕಿವುಚಿದ ಹಾಗಾಗೋದು. ಮನೆಯವರು ಕಷ್ಟಪಟ್ಟು ಕಾಸು ಹೊಂದಿಸಿ ಮಾಡಿಸಿದ ತಗಡೇ ಇರಬೇಕು ಅದೂ, ಅಲ್ವಾ? ಹಾಗಂತ ಹೆಸರಿಲ್ಲದ ಮೂಳೆ ಮೂಕ ಅಲ್ಲ. ಚಿಕ್ಕಂದಿನಲ್ಲಿ ಹೊಟ್ಟೆಗಿಲ್ಲದೆಯೋ ಕಾಯಿಲೆ ಬಿದ್ದೋ ನರಳಿದ ಮಗುವಿನ ಹಲ್ಲಿನ ಮೇಲೆ ಅಡ್ಡ ಗೆರೆ ಉಳಿಯುತ್ತೆ. ಬಿಸಿಲು ಕಾಣದೆ ಬೆಳೆದವರ ಕಾಲಿನ ಮೂಳೆ ಬಾಗಿರುತ್ತೆ. ಜೇಡಿಮಣ್ಣಿನ ಚಿಲುಮೆಯನ್ನು ವರ್ಷಗಟ್ಟಲೆ ಕಚ್ಚಿ ಹೊಗೆ ಸೇದಿದವನ ಹಲ್ಲುಸಾಲಿನಲ್ಲಿ ಗುಂಡನೆಯ ಸಂದಿಯೇ ಬಿದ್ದಿರುತ್ತೆ. ಲಂಡನ್ ಬೆಳೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಬಡವರು ಹೇಗೆ ಬದುಕಿದರು ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಎಲ್ಲಿ ಸಿಗುತ್ತೆ? ಆದರೂ ಪೇಪರಿನವರು ಬರೆದದ್ದೆಲ್ಲ ಹೆಚ್ಚಾಗಿ ಕ್ಯಾಪ್ಟನ್ ಬಗ್ಗೆಯೇ.

2024ರ ಜುಲೈ 13ರಂದು ಫ್ಲಿಂಡರ್ಸ್‌ನನ್ನು ಅವನು ಹುಟ್ಟಿದ ಡಾನಿಂಗ್ಟನ್ ಊರಿನ ಚರ್ಚಿನಲ್ಲಿ ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು. ಒಳ್ಳೇದಾಯಿತು. ಉಳಿದ ಸಾವಿರಾರು ಜನರನ್ನು ಸರ್ರೆಯ ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಿದರು. ಯಾವ ರೈಲಿಗಾಗಿ ಇವರನ್ನೆಲ್ಲ ಎಬ್ಬಿಸಿದರೋ ಅದರ ಯೂಸ್ಟನ್ ನಿಲ್ದಾಣದ ಕೆಲಸವನ್ನು 2023ರಲ್ಲಿ ಸರ್ಕಾರವೇ ನಿಲ್ಲಿಸಿತು. ಇಷ್ಟು ಜನರನ್ನು ಎತ್ತಿ ಹಾಕೋ ಮುಂಚೆ ದುಡ್ಡಿನ ಲೆಕ್ಕ ಸರಿಯಾಗಿ ಹಾಕಬೇಕಿತ್ತು ಅಂತ ನನಗೆ ಈಗಲೂ ಸಿಟ್ಟಿದೆ.

ಯೂಸ್ಟನ್ನಿನಲ್ಲಿ ಫ್ಲಿಂಡರ್ಸ್‌ನ ಪ್ರತಿಮೆ 2014ರಿಂದಲೇ ಇದೆ. ಉಳಿದವರ ಹೆಸರು ತಗಡಿನ ಮೇಲೆ ಅಳಿಸಿಹೋದರೂ, ಚರ್ಚಿನವರು ಯಾರನ್ನು ಯಾವತ್ತು ಹೂಳಿದರು ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹೊಸ ನಿಲ್ದಾಣ ಎದ್ದ ಮೇಲೆ ಅದರ ಒಂದು ಗೋಡೆಯನ್ನು ಆ ಹೆಸರುಗಳಿಗೆ ಬಿಡಲಿ.