ಅರೆ ತುಂಬಿದ ಹಗೇವು

ನಮ್ಮ ಊರು ತಾಳಿಕೋಟಿ ಕಡೆ, ಡೋಣಿ ಹೊಳೆಯ ಸಾಲಿನಲ್ಲಿ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಅನ್ನೋ ಮಾತು ನಮ್ಮಲ್ಲಿ ಇನ್ನೂ ಇದೆ. ಓಣಿ ತುಂಬ ಕಾಳು ಬಂದರೆ ಇಡೋದೆಲ್ಲಿ? ಅದಕ್ಕೇ ಹಗೇವು. ನೆಲದೊಳಗೆ ತೋಡಿದ ಕಾಳಿನ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಥೇಟ್ ಹೂಜಿಯ ಹಾಗೆ. ಹಳೇ ಮನೆಯ ಅಂಗಳದಲ್ಲಿ ಅಜ್ಜನ ಕಾಲದ್ದು ಒಂದಿದೆ. ನಾನು ಹುಟ್ಟಿದಾಗಿನಿಂದ ಅದರ ಬಾಯಿಗೆ ಪರಸಿ ಕಲ್ಲು, ಕಲ್ಲಿನ ಮೇಲೆ ಕುಳ್ಳಿನ (ಬೆರಣಿಯ) ಗುಡ್ಡೆ.

ವಿಜಯಪುರದಲ್ಲಿ ನೌಕರಿ, ಶನಿವಾರ ಊರು. ಹೋದ ವರ್ಷ ಸುಗ್ಗಿಯಲ್ಲಿ ಕಾಕಾನ ಹತ್ತಿರ ಸುಮ್ನೆ ಕೇಳಿದೆ, ಈ ಹಗೇವಿನಲ್ಲಿ ಮತ್ತೆ ಜೋಳ ಹಾಕಿದರೆ ಹೇಗೆ ಅಂತ. ಕಾಕಾ ನಕ್ಕರು, ಬೇಡ ಅನ್ನಲಿಲ್ಲ. ಅಲ್ಲಿಂದ ಇಲ್ಲಿವರೆಗಿನ ಟಿಪ್ಪಣಿ ಇದು.

ಫೆಬ್ರವರಿ ಕೊನೆ

ಕುಳ್ಳು ಸರಿಸಿ, ಹಾರೆಯಿಂದ ಮೀಟಿ ಕಲ್ಲು ಎತ್ತಿದೆವು. ನಾನು ಟಾರ್ಚ್ ಹಿಡಿದು ಇಳಿಯೋಕೆ ಕಾಲು ಹಾಕಿದೆ. ಕಾಕಾ ಅಂಗಿ ಹಿಡಿದು ಎಳೆದರು. "ಏ ತಮ್ಮಾ, ಎರಡ ದಿನ ಬಾಯಿ ತಗದ ಇಡಬೇಕ. ಆಮ್ಯಾಲ ದೀಪ. ಆಮ್ಯಾಲ ನೀ."

ಮುಚ್ಚಿಟ್ಟ ಗುಂಡಿಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆಗೆದ ಮಾತ್ರಕ್ಕೆ ಮೇಲೆ ಬರಲ್ಲ, ತಳದಲ್ಲೇ ಮಲಗಿರುತ್ತದೆ. ಅವಸರದಲ್ಲಿ ಇಳಿದು ಸತ್ತವರ ಕಥೆ ಹಗೇವು ಇದ್ದ ಊರಲ್ಲೆಲ್ಲ ಇರುತ್ತದೆ. ಒಬ್ಬ ಬಿದ್ದ, ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಬಿದ್ದ.

ಎರಡು ದಿನ ಬಿಟ್ಟು, ದೊಡ್ಡ ಬೇವಿನ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟೆವು. ಬಾವಿಯಿಂದ ಕೊಡ ಎಳೆದ ಹಾಗೆ ಮೇಲೆ ಕೆಳಗೆ ಒಂದು ತಾಸು ಆಡಿಸಿದೆವು. ಒಳಗಿನ ಗಾಳಿ ಕಲಕಬೇಕಲ್ಲ, ಅದಕ್ಕೆ. ಆಮೇಲೆ ಲಾಟೀನು ಇಳಿಸಿದೆವು. ಆರಲಿಲ್ಲ. ದೀಪ ಒಂದನ್ನೇ ನಂಬಬಾರದು, ಎಲ್ಲ ಕೆಟ್ಟ ಗಾಳಿಯನ್ನೂ ಅದು ತೋರಿಸಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ, ಮೇಲೆ ಇಬ್ಬರು ನಿಂತರು. ಆಮೇಲೆ ಇಳಿದೆ.

ಒಳಗೆ ನಿಂತು ಅಳೆದೆ. ಬಾಯಿ ಎರಡು ಅಡಿ, ಹೊಟ್ಟೆ ಸುಮಾರು ಆರಡಿ ಅಗಲ. ಗೋಡೆ ಕಪ್ಪು. ಹೊಸದಾಗಿ ತೋಡಿದಾಗ ಒಳಗೆ ಕಣಿಕಿ, ಅಂದರೆ ಜೋಳದ ಒಣ ದಂಟು, ಸುಟ್ಟು ಗೋಡೆ ಕಾಯಿಸುತ್ತಿದ್ದರಂತೆ. ಉಗುರಿನಿಂದ ಕೆರೆದರೆ ಒಳಗೆ ಗರಸು, ಸಣ್ಣ ಕಲ್ಲಿನ ಗಟ್ಟಿ ಮಣ್ಣು. ಊರ ಸುತ್ತ ಎಲ್ಲ ಎರಿ (ಕಪ್ಪು ಮಣ್ಣಿನ) ಭೂಮಿ, ಮನೆಗಳು ಮಾತ್ರ ಗರಸಿನ ದಿಬ್ಬದ ಮೇಲೆ. ಯಾಕೆ ಅಂತ ಅವತ್ತು ಹೊಳೆಯಿತು. ಎರಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರಲ್ಲಿ ಹಗೇವು ನಿಲ್ಲಲ್ಲ. ಬಿರಿದ ಕಡೆಯಿಂದ ಗಾಳಿಯೂ ಬರುತ್ತದೆ, ನೀರೂ ಬರುತ್ತದೆ.

ಮಾರ್ಚ್

ಗೋಡೆಗೆ ಸಗಣಿ ಮಣ್ಣಿನ ಸಾರಣೆ ಆಯಿತು. ಒಣಗಲು ಹನ್ನೆರಡು ದಿನ ಬೇಕಾಯಿತು.

ಜೋಳ ನಮ್ಮ ಹೊಲದ್ದೇ, ಮಾಲದಂಡಿ. ಹಿಂಗಾರಿಯ ಬಿಳಿ ಜೋಳ. ರಾಶಿ ಮುಗಿದ ಮೇಲೆ ಮತ್ತೆ ನಾಲ್ಕು ದಿನ ಬಿಸಿಲಿಗೆ ಹರವಿದೆವು. ಕಾಳಿನಲ್ಲಿ ತೇವ 12 ಶೇಕಡಾ ದಾಟಬಾರದು ಅಂತ ಓದಿದ್ದೆ. ಮೀಟರ್ ಎಲ್ಲಿಂದ ತರೋದು? ಕಾಕಾ ಒಂದು ಕಾಳು ಬಾಯಿಗೆ ಹಾಕಿ ಕಡಿದರು. "ಕಟ್ ಅಂದ್ರ ಆತು. ಮೆತ್ತಗ ಕಡದ್ರ ಇನ್ನೂ ಒಣಗಸು."

ನಾನು ಉಪ್ಪಿನ ಪರೀಕ್ಷೆ ಮಾಡಿದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಎರಡು ಚಮಚ ಒಣ ಉಪ್ಪು. ಮುಚ್ಚಳ ಹಾಕಿ ಒಂದು ನಿಮಿಷ ಕುಲುಕಿ, ಹದಿನೈದು ನಿಮಿಷ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಜಾಸ್ತಿ, ಅಂಟದಿದ್ದರೆ ಕಡಿಮೆ. ಮೊದಲ ದಿನದ ಕಾಳಿಗೆ ಉಪ್ಪು ಮಂಜಿನ ಹಾಗೆ ಅಂಟಿಕೊಂಡಿತ್ತು. ನಾಲ್ಕನೇ ದಿನ ಗಾಜು ಸ್ವಚ್ಛ. ಆದರೆ ಉಪ್ಪು 15ರ ಲೆಕ್ಕ ಹೇಳುತ್ತದೆ, 12ರದ್ದಲ್ಲ. ಅದಕ್ಕೇ ಇನ್ನೂ ಎರಡು ದಿನ ಒಣಗಿಸಿದೆ. ಆ ಎರಡು ದಿನದಲ್ಲಿ ಏನು ಬದಲಾಯಿತು ಅಂತ ಹೇಳಿದ್ದು ಮಾತ್ರ ಕಾಕಾನ ಹಲ್ಲೇ.

ತಳಕ್ಕೆ ಒಂದಡಿ ಹೊಟ್ಟು, ಗೋಡೆ ಸುತ್ತ ಕಣಿಕಿ ನಿಲ್ಲಿಸಿ, ನಡುವೆ ಮೂರು ಚೀಲ ಜೋಳ ಸುರಿದೆವು. ಮೂರೇ ಚೀಲ. ಪ್ರಯೋಗಕ್ಕೆ ಸಾಕು ಅಂದುಕೊಂಡೆ. ಕಾಕಾ ಬಗ್ಗಿ ನೋಡಿ "ಇಷ್ಟs?" ಅಂದರು. ನಾನು ಹೂಂ ಅಂದೆ. ಆ ಒಂದು ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಬಾಯಿಗೆ ಕಲ್ಲು, ಕಲ್ಲಿನ ಸುತ್ತ ಕಲಸಿದ ಮಣ್ಣು, ಮೇಲೆ ಮಳೆ ನೀರು ಜಾರಿ ಹೋಗುವ ಹಾಗೆ ದಿಬ್ಬ.

ಅದೇ ಜೋಳವನ್ನು ಇನ್ನೂ ಮೂರು ಕಡೆ ಇಟ್ಟೆ: ತಗಡಿನ ಡ್ರಮ್ಮು, ಬೇವಿನೆಲೆ ಬೆರೆಸಿದ ಗೋಣಿಚೀಲ, ಪೇಟೆಯಲ್ಲಿ ಸಿಗುವ ಮೂರು ಪದರದ ಚೀಲ. ಈ ಕೊನೆಯದರಲ್ಲಿ ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಹಾಳೆಯ ಚೀಲ, ಹೊರಗೆ ನೇಯ್ದ ಚೀಲ. 1980ರ ದಶಕದ ಕೊನೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನ್ ದೇಶದ ರೈತರ ಅಲಸಂದಿಗಾಗಿ ಮಾಡಿದ್ದು. ಔಷಧಿ ಇಲ್ಲ, ಮಾತ್ರೆ ಇಲ್ಲ. ಕಾಳು ತುಂಬಿ, ಗಾಳಿ ಹಿಂಡಿ, ಒಂದೊಂದೇ ಪದರ ತಿರುಚಿ ಕಟ್ಟಬೇಕು ಅಷ್ಟೇ. ಓದಿದಾಗ ನಗು ಬಂತು. ಇದು ಪ್ಲಾಸ್ಟಿಕ್ಕಿನ ಹಗೇವು, ಅಲ್ವಾ?

ಅವ್ವ ನನ್ನ ಗದ್ದಲಕ್ಕೆ ತಲೆ ಹಾಕದೆ ತನ್ನ ಹೆಸರುಕಾಳಿಗೆ ಕುಳ್ಳಿನ ಬೂದಿ ಬೆರೆಸಿ ಗಡಿಗೆಗೆ ತುಂಬಿದಳು. ಬೂದಿ ಮಾಡುವ ಕೆಲಸ ಎರಡು. ಕಾಳಿನ ಸಂದಿ ತುಂಬಿ ಹುಳ ಓಡಾಡದ ಹಾಗೆ ಮಾಡುತ್ತದೆ. ಜೊತೆಗೆ ಹುಳದ ಮೈಮೇಲಿನ ಮೇಣದ ಪದರ ಉಜ್ಜಿ ತೆಗೆಯುತ್ತದೆ. ಆ ಮೇಣ ಹೋದರೆ ಹುಳದ ಮೈಯೊಳಗಿನ ನೀರು ಆರಿ ಒಣಗಿ ಸಾಯುತ್ತದೆ.

ಮೇ, ಒಂದು ಅಳತೆ

ಮುಚ್ಚುವಾಗ ಒಂದು ಉಷ್ಣಮಾಪಕದ ತಂತಿ ಒಳಗೆ ಬಿಟ್ಟಿದ್ದೆ. ಹೊರಗೆ ನೆರಳಲ್ಲೇ 41 ಡಿಗ್ರಿ, ಹಗೇವಿನೊಳಗೆ 29. ಖುಷಿಯಿಂದ ಕಾಕಾನಿಗೆ ತೋರಿಸಿದೆ, ನೋಡ್ರಿ ಎಷ್ಟು ತಂಪು ಅಂತ. ರಾತ್ರಿ ಓದುತ್ತಾ ಕೂತಾಗ ಖುಷಿ ಇಳಿಯಿತು. ಜೋಳದ ನುಸಿಗೆ, ಅಂದರೆ ಕಾಳು ಕೊರೆಯುವ ಹುಳಕ್ಕೆ, ಬೆಳೆಯಲು ಎಲ್ಲಕ್ಕಿಂತ ಹಿತವಾದದ್ದು 28ರಿಂದ 30 ಡಿಗ್ರಿಯೇ! ಅಂದರೆ ಹಗೇವಿನ ತಂಪು ಹುಳ ಕೊಲ್ಲಲ್ಲ, ಅದಕ್ಕೆ ತೊಟ್ಟಿಲು ಕಟ್ಟಿ ಕೊಡುತ್ತದೆ. ಕೊಲ್ಲುವುದು ಬೇರೆ.

ಕೊಲ್ಲುವುದು ಕಾಳು ಮತ್ತು ಹುಳ ಇಬ್ಬರ ಉಸಿರು. ಒಳಗಿನ ಆಮ್ಲಜನಕವನ್ನು ಇಬ್ಬರೂ ಸೇದುತ್ತಾರೆ, ಹೊರಗಿಂದ ಹೊಸದು ಬರಲ್ಲ. 21 ಶೇಕಡಾ ಇದ್ದದ್ದು 3ರ ಕೆಳಗೆ ಇಳಿದು ಕೆಲವು ವಾರ ಹಾಗೇ ನಿಂತರೆ ನುಸಿ ಸಾಯುತ್ತದೆ. ಹುಳ ಎಷ್ಟು ಹೆಚ್ಚಿತೋ ಅಷ್ಟು ಬೇಗ ಗಾಳಿ ಖಾಲಿ.

ದೀಪಾವಳಿ

ಕಲ್ಲು ಎತ್ತಿದೆವು. ಹಗ್ಗಕ್ಕೆ ಲಾಟೀನು ಕಟ್ಟಿ ಮೆಲ್ಲಗೆ ಇಳಿಸಿದೆ. ಬಾಯಿ ದಾಟಿತು, ಹೊಟ್ಟೆ ದಾಟಿತು, ಕಾಳಿನ ಮೇಲೆ ಕೂತಿತು. ದೀಪ ಸ್ವಲ್ಪವೂ ಅಲುಗಲಿಲ್ಲ. ನನಗೆ ಸಮಾಧಾನ, ಬೇಗ ಇಳಿಯಬಹುದು ಅಂತ. ತಿರುಗಿ ನೋಡಿದರೆ ಕಾಕಾನ ಮುಖ ಸಣ್ಣಗಾಗಿತ್ತು.

"ದೀಪ ಆರಬೇಕಿತ್ತೋ ತಮ್ಮಾ."

ಒಂದು ಕ್ಷಣ ಅರ್ಥ ಆಗಲಿಲ್ಲ. ಆಮೇಲೆ ಆಯಿತು. ಮನುಷ್ಯ ಬದುಕುವಷ್ಟು ಗಾಳಿ ಒಳಗಿದೆ ಅಂದರೆ ನುಸಿಯೂ ಬದುಕಿದೆ.

ಬದುಕಿತ್ತು. ಮೇಲೆ ಬಂದ ಮೊದಲ ಬುಟ್ಟಿಯಲ್ಲೇ ಕಾಳಿಗಿಂತ ಹುಳ ಹೆಚ್ಚು ಓಡಾಡುತ್ತಿತ್ತು. ಕಾಳು ಹಿಡಿದು ಒತ್ತಿದರೆ ಹಿಟ್ಟು. ಹೆಣ್ಣು ನುಸಿ ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಮೇಲೆ ಮೇಣದಂಥದ್ದು ಹಚ್ಚಿ ಬಾಯಿ ಮುಚ್ಚುತ್ತದೆ. ಹೊರಗಿಂದ ಕಾಳು ಗಟ್ಟಿಮುಟ್ಟು. ಮರಿ ಒಳಗೇ ಹುಟ್ಟಿ, ಒಳಗೇ ತಿಂದು, ಐದಾರು ವಾರಕ್ಕೆ ಗೋಡೆ ಒಡೆದು ಹೊರಗೆ ಬರುತ್ತದೆ. ಎಂಟು ತಿಂಗಳಲ್ಲಿ ಎಷ್ಟು ತಲೆಮಾರು ಅಂತ ನೀವೇ ಲೆಕ್ಕ ಹಾಕಿ. ಮೂರು ಚೀಲವೂ ಕೋಳಿಗೆ, ದನಕ್ಕೆ ಹೋಯಿತು.

ರಾತ್ರಿ ಕೂತು ಲೆಕ್ಕ ಮಾಡಿದೆ. ಆರಡಿ ಅಗಲದ ದುಂಡು ಹೊಟ್ಟೆ ಅಂದರೆ ಸುಮಾರು 3200 ಲೀಟರ್. ಒಂದು ಚೀಲ, ಅಂದರೆ ಕ್ವಿಂಟಲ್ ಜೋಳಕ್ಕೆ 140 ಲೀಟರ್ ಜಾಗ ಸಾಕು. ಇಪ್ಪತ್ತು ಚೀಲಕ್ಕೂ ಜಾಸ್ತಿ ಹಿಡಿಯುವ ಹಗೇವು ಇದು. ಸುರಿದ ಕಾಳಿನ ನಡುವೆ ಹೆಚ್ಚುಕಡಿಮೆ 40 ಶೇಕಡಾ ಬರೀ ಗಾಳಿ. ಹಗೇವು ಬಾಯಿವರೆಗೆ ತುಂಬಿದ್ದರೆ ಒಂದು ಚೀಲದ ಪಾಲಿಗೆ 60 ಲೀಟರ್ ಗಾಳಿ ಕೂಡ ಬರುತ್ತಿರಲಿಲ್ಲ. ನಾನು ಮೂರು ಚೀಲ ಹಾಕಿದ್ದೆ. ಒಂದೊಂದರ ಪಾಲಿಗೆ ಸಾವಿರ ಲೀಟರ್! ಮೇಲಿಂದ ಹೊಟ್ಟು ತುರುಕಿದ್ದರೆ ಆಗುತ್ತಿತ್ತಲ್ಲ ಅಂತ ಹೆಂಡತಿ ಕೇಳಿದಳು. ಹೊಟ್ಟಿನ ಸಂದಿಯೆಲ್ಲ ಗಾಳಿಯೇ, ಉಪಯೋಗ ಇಲ್ಲ. ಜೊತೆಗೆ ನನ್ನ ಉಷ್ಣಮಾಪಕದ ತಂತಿ ಹೋದ ಕಡೆ ಮಣ್ಣು ಬಿರಿದಿತ್ತು. ಸೀಸಕಡ್ಡಿ ದಪ್ಪದ ತೂತು. ಅದನ್ನು ಕಾಕಾನಿಗೆ ತೋರಿಸಲಿಲ್ಲ, ಅವರೇ ಮೊದಲು ನೋಡಿದ್ದರು.

ಉಳಿದವುಗಳ ಸುದ್ದಿ. ಮೂರು ಪದರದ ಚೀಲದ ಜೋಳ ಹಾಕಿದ ಹಾಗೇ ಇತ್ತು, ತಳದಲ್ಲಿ ಹತ್ತೋ ಹನ್ನೆರಡೋ ಸತ್ತ ನುಸಿ. ಬೇವಿನೆಲೆಯ ಗೋಣಿಚೀಲದಲ್ಲಿ ಹುಳ ಇತ್ತು, ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ. ತಗಡಿನ ಡ್ರಮ್ಮು ನನಗೆ ಹೊಸ ಪಾಠ. ಮೇಲಿನ ನಾಲ್ಕು ಬೆರಳು ಜೋಳ ಗಂಟುಗಟ್ಟಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ನೀರು ಎಲ್ಲಿಂದಲೂ ಸೋರಿಲ್ಲ. ಹಗಲು ತಗಡು ಕಾಯುತ್ತದೆ, ಕಾಳಿನ ತೇವ ಆವಿಯಾಗಿ ಮೇಲೇರುತ್ತದೆ, ರಾತ್ರಿ ಮುಚ್ಚಳ ತಣ್ಣಗಾದಾಗ ಹನಿಯಾಗಿ ಅಲ್ಲೇ ಬೀಳುತ್ತದೆ. ಕಾಳು ತನ್ನ ಬೆವರಿನಲ್ಲೇ ನೆಂದಿತ್ತು. ನೆಲದೊಳಗೆ ಹಗಲು ರಾತ್ರಿಯ ಭೇದ ಇಲ್ಲ, ಹಾಗಾಗಿ ಹಗೇವಿನಲ್ಲಿ ಈ ರಗಳೆ ಕಡಿಮೆ. ಅವ್ವನ ಹೆಸರುಕಾಳು ಚಿನ್ನದ ಹಾಗಿತ್ತು. ಅವಳು ಏನೂ ಅನ್ನಲಿಲ್ಲ. ಗಡಿಗೆಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಡಿಸೆಂಬರ್, ಸುಮ್ನೆ ತಿರುಗಾಟ

ಸೋತ ಮೇಲೆ ಕಂಡಕಂಡ ಕಡೆ ಏನು ಹೇಗೆ ಇಟ್ಟಿದ್ದಾರೆ ಅಂತ ನೋಡುವ ಚಟ ಹತ್ತಿತು. ಗೆಳೆಯನೊಬ್ಬ ಉಳ್ಳಾಗಡ್ಡಿ ಬೆಳೆಯುತ್ತಾನೆ. ಅವನದ್ದು ಪೂರಾ ಉಲ್ಟಾ. ಶೆಡ್ಡಿನ ಗೋಡೆಯೆಲ್ಲ ಜಾಲರಿ, ತಳವೂ ನೆಲಕ್ಕೆ ತಾಗದ ಹಾಗೆ ಎತ್ತರಿಸಿದ್ದು. ಉಳ್ಳಾಗಡ್ಡಿಯನ್ನು ಹಗೇವಿಗೆ ಹಾಕಿದರೆ ಬೇಗ ಕೊಳೆತು ನಾರುತ್ತದೆ. ಅದಕ್ಕೆ ಗಾಳಿ ಬೇಕು. ವಿಜಯಪುರದ ಒಣದ್ರಾಕ್ಷಿಯವರು ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ನೀರಿನಲ್ಲಿ ಅದ್ದುತ್ತಾರೆ. ದ್ರಾಕ್ಷಿಯ ಮೇಣ ಸಡಿಲಾಗಿ ಬೇಗ ಒಣಗಲಿ ಅಂತ. ಬೂದಿ ನುಸಿಗೆ ಮಾಡುವ ಕೆಲಸವೇ ಇದು, ಇಲ್ಲಿ ಹಣ್ಣಿಗೆ! ಒಣಗಿಸುವುದು ಶೆಡ್ಡಿನ ನೆರಳಿನಲ್ಲಿ. ಆಮೇಲೆ ಕೋಲ್ಡ್ ಸ್ಟೋರೇಜು, ಹಸಿರು ಬಣ್ಣ ಕಂದಾಗದೆ ಉಳಿಯಲಿ ಅಂತ.

ಇನ್ನು ಬೀಜದ ಮಾತು. ಹಗೇವಿನ ಜೋಳ ರೊಟ್ಟಿಗೆ ಸರಿ, ಬಿತ್ತಲು ಆಗಲ್ಲ, ಮೊಳಕೆಯ ಶಕ್ತಿ ಕುಂದಿರುತ್ತದೆ. ಅದಕ್ಕೆ ಬೀಜದ ತೆನೆಗಳನ್ನು ಬೇರೆ ಆರಿಸಿ ಅಡಿಗೆಮನೆಯಲ್ಲಿ ಒಲೆಯ ಮೇಲೆ ತೂಗು ಹಾಕುತ್ತಿದ್ದರು. ಹೊಗೆಗೆ ಹುಳ ಬರಲ್ಲ, ಕಾವಿಗೆ ತೇವ ಏರಲ್ಲ. ಬೀಜದಲ್ಲಿ ತೇವ ಒಂದು ಶೇಕಡಾ ಇಳಿದರೆ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿ ಅಂತ ಬೀಜ ತಜ್ಞರ ಅಂದಾಜು. ಐದು ಡಿಗ್ರಿ ತಂಪಾದರೆ ಮತ್ತೆ ಇಮ್ಮಡಿ. ಹಾಗಾಗಿಯೇ ನಾರ್ವೆಯವರು ಸ್ವಾಲ್‌ಬಾರ್ಡ್ ದ್ವೀಪಸಮೂಹದ ಹೆಪ್ಪುಗಟ್ಟಿದ ಗುಡ್ಡ ಕೊರೆದು 2008ರಲ್ಲಿ ಬೀಜದ ಉಗ್ರಾಣ ತೆರೆದರು. ಒಳಗೆ ಮೈನಸ್ 18 ಡಿಗ್ರಿ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಿಂದ ಜೋಳದ ಬೀಜವೂ ಅಲ್ಲಿಗೆ ಹೋಗಿದೆ. ಇದನ್ನು ಹೇಳಿದಾಗ ಕಾಕಾ ಕೇಳಿದ್ದು ಒಂದೇ: "ಅದರ ಬಾಯಿ ಯಾರ ಮುಚ್ಚತಾರ?"

ಈ ವರ್ಷ ಮಾರ್ಚ್

ಮೂರು ಚೀಲದ ಆಟ ಬಿಟ್ಟೆ. ಹತ್ತೊಂಬತ್ತು ಚೀಲ ಬೇಕು, ನಮ್ಮಲ್ಲಿ ಇದ್ದದ್ದು ಏಳು. ಅಣ್ಣತಮ್ಮಂದಿರ ಐದು ಮನೆಗೆ ಕಾಕಾನೇ ಹೋಗಿ ಕೇಳಿದರು. ನಾನು ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ, ನುಸಿಯ ಸುದ್ದಿ ಊರಿಗೆಲ್ಲ ಗೊತ್ತು. ಇಬ್ಬರು ಬೇಡ ಅಂದರು, ಮೂವರು ಒಪ್ಪಿದರು.

ಎಲ್ಲರ ಕಾಳೂ ಕೂಡಿಸಿ ಸುರಿಯಬೇಕು, ಚೀಲದಲ್ಲಿ ಇಟ್ಟರೆ ಚೀಲಗಳ ನಡುವೆ ಗಾಳಿ ಉಳಿಯುತ್ತದೆ. ಇದಕ್ಕೆ ಒಂದು ಸಂಜೆ ಪೂರಾ ಜಗ್ಗಾಟ. ನನ್ನ ಜೋಳ ಮುತ್ತಿನಂಥದ್ದು, ಅವರದ್ದು ಸಣ್ಣ ಕಾಳು ಅಂತ. ಕೊನೆಗೆ ಪ್ರತಿ ಚೀಲಕ್ಕೂ ಕಾಕಾ ಕಾಳು ಕಡಿದು ನೋಡಿದರು. ಎರಡು ಚೀಲ ಮೆತ್ತಗಿವೆ ಅಂತ ವಾಪಸ್ ಬಿಸಿಲಿಗೆ ಹೋದವು. ಒಂದು ನಮ್ಮದೇ.

ಈ ಸಲ ತಂತಿ ಇಲ್ಲ. ಕಾಳು ಬಾಯಿವರೆಗೆ ಬಂತು, ಮೇಲೆ ಒಂದು ಗೇಣು ಹೊಟ್ಟು, ಕಲ್ಲು, ಮಣ್ಣು. ಮಣ್ಣು ಒಣಗಿ ಬಿರಿದ ಕಡೆಯೆಲ್ಲ ಅವ್ವ ಮೂರು ದಿನ ಸಗಣಿ ಸಾರಿಸಿದಳು.

ಜೂನ್

ಮೊದಲ ದೊಡ್ಡ ಮಳೆ ಆಯಿತು. ದಿಬ್ಬದ ಮೇಲೆ ನೀರು ನಿಂತಿಲ್ಲ. ಅಂಗಳದ ನಲ್ಲಿ ಮಾತ್ರ ಹಗೇವಿಗೆ ಹತ್ತೇ ಹೆಜ್ಜೆ, ಅದರ ನೀರು ಆ ಕಡೆಗೇ ಹರಿಯುತ್ತಿತ್ತು. ಶನಿವಾರ ಪೂರ್ತಿ ಕಾಲುವೆ ಕಡಿದು ಬೀದಿ ಕಡೆಗೆ ತಿರುಗಿಸಿದೆ.

ನಿನ್ನೆ ಪುಣೆಯಿಂದ ತಮ್ಮ ಫೋನ್ ಮಾಡಿದ್ದ. ಕಾಳು ಕೊಟ್ಟ ಮನೆಯವನೇ. ಮುಂದಿನ ತಿಂಗಳು ಊರಿಗೆ ಬರ್ತೀನಿ, ನನ್ನ ಪಾಲಿನ ಅರ್ಧ ಚೀಲ ತೆಗೆದಿಡು ಅಂದ. ಆಗಲ್ಲ ಅಂದೆ. ಒಮ್ಮೆ ಬಾಯಿ ತೆಗೆದರೆ ಎಲ್ಲ ಕಾಳೂ ಮೇಲೆ ಬರಬೇಕು, ಎಲ್ಲರೂ ಚೀಲ ಹಿಡಿದು ಬರಬೇಕು. ಅರ್ಧ ಚೀಲಕ್ಕೆ ಇಷ್ಟೆಲ್ಲ ಯಾಕೋ ಅಂತ ಕೇಳಿದ. ದೀಪಾವಳಿಗೆ ಬಾ, ಬರುವಾಗ ಲಾಟೀನಿಗೆ ಒಂದು ಬತ್ತಿ ತಗೊಂಡು ಬಾ ಅಂತ ಹೇಳಿ ಇಟ್ಟೆ.