ಮೂರನೇ ಸ್ಥಾನ ಬಂದವಳು

14 ಜುಲೈ 2024, ಭಾನುವಾರ
ಉಡುಪಿ

ಟಿವಿಯ ಹಾಡಿನ ಶೋಗೆ ಆಡಿಷನ್ ಕೊಡ್ತೇನೆ ಅಂತ ಅಕ್ಕನ ಮಗಳು ಹಠ ಹಿಡಿದಿದ್ದಾಳೆ. ಮೊದಲು ಡಿಗ್ರಿ ಮುಗಿಯಲಿ ಅನ್ನೋದು ಅಕ್ಕನ ಚಿಂತೆ. ನನ್ನ ಚಿಂತೆ ಬೇರೆ. ನಮ್ಮ ನಾಟಕ ತಂಡದಲ್ಲಿ ಒಳ್ಳೆ ಕಂಠ ಅಂತ ಇರೋದೇ ಅವಳದ್ದು. "ಗೆಲ್ಲದಿದ್ರೆ ಏನು ಮಾಡ್ತಿ?" ಅಂತ ಕೇಳಿದರೆ "ಗೆಲ್ತೇನೆ ಚಿಕ್ಕಮ್ಮ" ಅಷ್ಟೇ ಉತ್ತರ.

ಇವತ್ತು ಮಳೆ ಬಿಡಲೇ ಇಲ್ಲ, ರಿಹರ್ಸಲ್ ರದ್ದಾಯ್ತು. ಅವಳನ್ನು ಕೂರಿಸಿಕೊಂಡು 2012ರ 'ಲೆ ಮಿಸೆರಾಬ್ಲ್' ಸಿನಿಮಾ ಹಾಕಿದೆ. ಅದರಲ್ಲಿ ಎಪೊನಿನ್ ಪಾತ್ರ ಮಾಡಿದ ಸಮಾಂತಾ ಬಾರ್ಕ್ಸ್ ಕಥೆ ಹೇಳಬೇಕಿತ್ತು. ಸುಮ್ನೆ ಉಪದೇಶ ಮಾಡಿದ್ರೆ ಎದ್ದು ಹೋಗ್ತಾಳೆ.

ಸಮಾಂತಾ ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪದ ಹುಡುಗಿ. 2008ರಲ್ಲಿ, 17ನೇ ವಯಸ್ಸಿಗೆ, ಬಿಬಿಸಿಯ 'ಐ'ಡ್ ಡು ಎನಿಥಿಂಗ್' ಶೋಗೆ ಬಂದಳು. ಲಂಡನ್ನಿನ 'ಆಲಿವರ್!' ಸಂಗೀತ ನಾಟಕಕ್ಕೆ ನ್ಯಾನ್ಸಿ ಪಾತ್ರದವಳನ್ನು ಹುಡುಕೋ ಶೋ ಅದು, ವೀಕ್ಷಕರೇ ಓಟು ಹಾಕಬೇಕು. ಗೆದ್ದದ್ದು ಜೋಡಿ ಪ್ರೆಂಜರ್. ಎರಡನೇ ಸ್ಥಾನ ಜೆಸ್ಸಿ ಬಕ್ಲಿಗೆ, ಹೌದು, ಮುಂದೆ ಆಸ್ಕರ್ ನಾಮನಿರ್ದೇಶನ ಪಡೆದ ಅದೇ ಜೆಸ್ಸಿ. ನಮ್ಮ ಸಮಾಂತಾ ಮೂರನೆಯವಳು.

ಶೋ ಮುಗಿದ ಮೇಲೆ ಅವಳು 'ಕ್ಯಾಬರೆ' ನಾಟಕದ ಜೊತೆ ಊರೂರು ತಿರುಗಿದಳು. 2010ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ, 'ಲೆ ಮಿಸೆರಾಬ್ಲ್' ಸಂಗೀತ ನಾಟಕದಲ್ಲಿ, ಎಪೊನಿನ್ ಪಾತ್ರ ಸಿಕ್ಕಿತು. ಅಲ್ಲಿ ವಾರಕ್ಕೆ 8 ಪ್ರದರ್ಶನ, ಗಂಟಲು ಕಟ್ಟಿದೆ ಅಂತ ಕೂರೋ ಹಾಗಿಲ್ಲ. ಆಮೇಲೆ 'ಆಲಿವರ್!' ಪ್ರವಾಸ ಹೊರಟಾಗ ಅದೇ ನ್ಯಾನ್ಸಿ ಪಾತ್ರ, ಟಿವಿಯಲ್ಲಿ ಕೈತಪ್ಪಿದ್ದು, ಅವಳಿಗೇ ಬಂತು! 2012ರ ಜನವರಿಯಲ್ಲಿ ಮ್ಯಾಂಚೆಸ್ಟರಿನಲ್ಲಿ ನಾಟಕ ಮುಗಿದು ಎಲ್ಲರೂ ಪ್ರೇಕ್ಷಕರಿಗೆ ನಮಸ್ಕರಿಸುತ್ತಿದ್ದಾಗ ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಷ್ ರಂಗಕ್ಕೇ ಬಂದು, ಸಿನಿಮಾದ ಎಪೊನಿನ್ ಇವಳೇ ಅಂತ ಎಲ್ಲರೆದುರು ಹೇಳಿಬಿಟ್ಟರು.

"ಮೂರನೇ ಸ್ಥಾನಕ್ಕೆ ಇಷ್ಟೆಲ್ಲಾ ಸಿಗ್ತದಾ?" ಅಂದಳು ಇವಳು. ಸ್ಥಾನಕ್ಕಲ್ಲ ಮಾರಾಯ್ತಿ, ಆ ನಾಲ್ಕು ವರ್ಷಕ್ಕೆ!

ಆ ಸಿನಿಮಾದಲ್ಲಿ ಹಾಡುಗಳನ್ನು ಸ್ಟುಡಿಯೋದಲ್ಲಿ ಮೊದಲೇ ರೆಕಾರ್ಡ್ ಮಾಡಿ ತುಟಿ ಆಡಿಸಿದ್ದಲ್ಲ. ಕಿವಿಯೊಳಗೆ ಪಿಯಾನೋ ಕೇಳಿಸಿಕೊಳ್ಳುತ್ತಾ ಕ್ಯಾಮೆರಾ ಮುಂದೆಯೇ ಹಾಡಿದ್ದು. ಸಮಾಂತಾ ಮಳೆಯಲ್ಲಿ ನೆನೆಯುತ್ತಾ ಒಬ್ಬಳೇ ಹಾಡುವ ದೃಶ್ಯದಲ್ಲಿ ಕ್ಯಾಮೆರಾ ಮುಖ ಬಿಟ್ಟು ಕದಲೋದೇ ಇಲ್ಲ. ಇವಳು ಅಲ್ಲೇ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡಿದಳು. "ಉಸಿರು ಎಲ್ಲಿ ತಗೊಳ್ತಾಳೆ ಅಂತಲೇ ಗೊತ್ತಾಗೋದಿಲ್ಲ ಅಲ್ವಾ?" ಅಂದಳು. ಬೆಳಗ್ಗಿನಿಂದ ನಾನು ಕಾಯುತ್ತಿದ್ದ ಮಾತು ಅದೇ.

ನಮ್ಮ ಕಡೆ ಹಾಡೋದು ಅಂದ್ರೆ ಕಣ್ಣೆದುರು ಬರೋದು ಯಕ್ಷಗಾನದ ಭಾಗವತರು. ರಾತ್ರಿಯಿಡೀ ಹಾಡುವ ದಮ್ಮು ಅವರದ್ದು, ಆದರೆ ಕುಣಿಯುವವರು ಬೇರೆ. ಸಂಗೀತ ನಾಟಕದಲ್ಲಿ ಆ ಅನುಕೂಲ ಇಲ್ಲ, ಕುಣಿಯೋದೂ ಹಾಡೋದೂ ಒಬ್ಬರೇ. ಕಂಪನಿ ನಾಟಕಗಳಲ್ಲೂ ಹಾಗೇ ಇತ್ತು. ಮಂಚಿಯಿಂದ ಹೊರಟ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿ ಕಲಿತದ್ದು ಅಂಥ ರಂಗದಲ್ಲೇ. ಟಿವಿಯಲ್ಲಿ ಮೈಕ್ ಮುಂದೆ ನಿಂತು ಹಾಡಿದ್ರೆ ಸಾಕು, ಒಂದೆರಡು ನಿಮಿಷದ ಕೆಲಸ. ಅಲ್ಲಿ ಇವಳು ಚೆನ್ನಾಗಿಯೇ ಹಾಡ್ತಾಳೆ, ನನಗೆ ಅನುಮಾನ ಇಲ್ಲ. ನಮ್ಮ ನಾಟಕದಲ್ಲಿ ಮಾತ್ರ ಸೊಂಟದಲ್ಲಿ ಕೊಡ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಾ ಪಲ್ಲವಿ ಎತ್ತಬೇಕು, ಎರಡನೇ ಸಾಲಿಗೇ ಏದುಸಿರು.

ಆಡಿಷನ್‌ಗೆ ಹೋಗು ಅಂದೆ. ಅಕ್ಕನನ್ನು ಒಪ್ಪಿಸೋದು ನನ್ನ ಜವಾಬ್ದಾರಿ (ಅದು ಸುಲಭ ಇಲ್ಲ). ಆದರೆ ರಿಹರ್ಸಲ್ ತಪ್ಪಿಸೋ ಹಾಗಿಲ್ಲ, ಮಂಗಳವಾರದಿಂದ ಕೊಡದಲ್ಲಿ ನೀರೂ ಇರ್ತದೆ ಅಂತಲೂ ಹೇಳಿದೆ. "ಪೂರ್ತಿ ಕೊಡವಾ?" ಅಂತ ಕೇಳಿದಳು. ಸದ್ಯಕ್ಕೆ ಅರ್ಧ.