ಗುಡ್ಡವನ್ನು ಬಲಕ್ಕಿಟ್ಟುಕೊಂಡು: ಸೈಕಲ್ಲಿನಲ್ಲಿ ಜೋಗಿಮಟ್ಟಿ, ಮಾರಿಕಣಿವೆ

ಚಿತ್ರದುರ್ಗಕ್ಕೆ ಬಂದವರು ಏಳು ಸುತ್ತಿನ ಕೋಟೆಯನ್ನು ನೋಡಿ, ಒನಕೆ ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ. ಕೋಟೆಯ ಬೆನ್ನಿಗಿರುವ ಜೋಗಿಮಟ್ಟಿಯ ಕಡೆಗೆ ಕೆಲವರು ಹೋಗುತ್ತಾರಾದರೂ, ಆ ಬೆಟ್ಟದ ಸಾಲು ತೆಂಕಣಕ್ಕೆ ಗೋಡೆಯಂತೆ ಚಾಚಿಕೊಂಡು, ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಒಂದು ಸಂದು ಬಿಟ್ಟುಕೊಟ್ಟು ಮತ್ತೆ ಮುಂದುವರಿಯುತ್ತದೆ ಎಂಬುದನ್ನು ಊರಿನವರಾದ ನಾವೂ ಅಷ್ಟಾಗಿ ಗಮನಿಸಿದವರಲ್ಲ. ಬಸ್ಸಿನ ಕಿಟಕಿಗೆ ಅದು ಕಾಣುವುದು ನೀಲಿ ಗೆರೆಯಾಗಿ ಮಾತ್ರ.

2022ರ ಸೆಪ್ಟೆಂಬರಿನಲ್ಲಿ, ಆ ಸಂದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವಾದ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಹಿಂದೆ ಅದು ತುಂಬಿ ಹರಿದದ್ದು 1933ರಲ್ಲಿ. ನಡುವೆ 89 ವರ್ಷಗಳು ಕಳೆದಿದ್ದವು. ಜಿಲ್ಲೆಗೆ ಜಿಲ್ಲೆಯೇ ಕಾರು, ಬೈಕು ಹತ್ತಿ ನೀರು ನೋಡಲು ಹೊರಟಾಗ ಆ ಜಂಗುಳಿಗೆ ಹೆದರಿ ಸುಮ್ಮನಿದ್ದ ನಾನು ಮತ್ತು ದಾವಣಗೆರೆಯ ನನ್ನ ಗೆಳೆಯ, ನವೆಂಬರ್ ಕೊನೆಯ ಒಂದು ಶನಿವಾರ ಸೈಕಲ್ ಹತ್ತಿದೆವು. ಜೋಗಿಮಟ್ಟಿ ಹತ್ತಿಳಿದು, ಹಿರಿಯೂರಿನ ಮೇಲೆ ಅಣೆಕಟ್ಟಿಗೆ ಹೋಗಿ, ಹಿನ್ನೀರಿನ ಆಚೆ ಹೊಸದುರ್ಗ, ಹೊಳಲ್ಕೆರೆಗಳನ್ನು ಹಾದು ಮರಳಿ ದುರ್ಗಕ್ಕೆ ಬರುವುದು ನಮ್ಮ ಯೋಜನೆ. ನೀರಿನ ಅಂಚನ್ನೇ ಹಿಡಿದು ಸುತ್ತುವ ಒಂದೇ ದಾರಿ ಇಲ್ಲವಾದ್ದರಿಂದ ಬೆಟ್ಟದ ಸಾಲನ್ನೇ ಸುತ್ತುವುದೆಂದು ತೀರ್ಮಾನಿಸಿದ್ದೆವು. ಹೀಗೆ ಹೊರಟರೆ ಹೋಗುವಾಗಲೂ ಬರುವಾಗಲೂ ಬೆಟ್ಟ ಬಲಕ್ಕೇ ಇರುತ್ತದೆ. "ಹಾಗಾದರೆ ಇದು ಪ್ರದಕ್ಷಿಣೆ, ಚಪ್ಪಲಿ ಬಿಡಬೇಕೇನೋ" ಎಂದು ಗೆಳೆಯ ನಕ್ಕ.

ಜೋಗಿಮಟ್ಟಿಯ ಅರಣ್ಯವನ್ನು 2015ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ಗೇಟಿನಲ್ಲಿ ಹೆಸರು ಬರೆಸಿಕೊಂಡ ಕಾವಲುಗಾರರು ಸೈಕಲ್ಲುಗಳನ್ನು ಮೇಲಿಂದ ಕೆಳಗೆ ನೋಡಿ, "ಕಲ್ಡಿ ಅದಾವೆ ಸಾರ್, ಬಿಸ್ಲೇರಿದ ಮ್ಯಾಲೆ ಏನೂ ಮಾಡಲ್ಲ, ಹುಷಾರಾಗಿ ಹೋಗ್ರಿ" ಎಂದರು. ಕರಡಿಗಿಂತ ಏರು ನಮ್ಮನ್ನು ಹೆಚ್ಚು ಕಾಡಿತು. ಅತಿ ಹಗುರವಾದ ಗೇರಿಗೆ ಹಾಕಿದ ಮೇಲೂ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೇನೋ ಎಂಬಂತಹ ತಿರುವುಗಳಲ್ಲಿ ಇಳಿದು ತಳ್ಳಿದ್ದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಇಳಿದು ತಳ್ಳಿದ್ದರಿಂದಲೇ ಕಾಡು ಕಣ್ಣಿಗೆ ಬಿದ್ದಿತು ಎನ್ನಬೇಕು. ಇದು ಮಲೆನಾಡಿನ ಕಾಡಲ್ಲ. ಆಳೆತ್ತರದ ಒಣ ಹುಲ್ಲು, ಬಂದರಿಕೆಯ ಪೊದೆ, ಹಳದಿ ಹೂ ತುಂಬಿಕೊಂಡ ತಂಗಡಿ, ನಡುನಡುವೆ ಸೀತಾಫಲದ ಗಿಡಗಳು. ಮಳೆ ಚೆನ್ನಾಗಿ ಆಗಿದ್ದ ವರ್ಷವಾದ್ದರಿಂದ ಹುಲ್ಲಿನ ಬುಡದಲ್ಲಿ ಇನ್ನೂ ಹಸಿರಿತ್ತು. ನವಿಲುಗಳ ಕೂಗು ಒಂದು ಮಗ್ಗುಲಿನಿಂದ ಎದ್ದು ಇನ್ನೊಂದು ಮಗ್ಗುಲಿನಲ್ಲಿ ಮರುಕಳಿಸುತ್ತಿತ್ತು. ತುದಿಯಲ್ಲಿ ನಿಂತರೆ ಗಾಳಿಯಂತ್ರಗಳ ಸಾಲು, ಅದರಾಚೆ ಮಂಜಿನಲ್ಲಿ ಒಂದರ ಹಿಂದೊಂದು ಅಡಗಿದ ಗುಡ್ಡಗಳು. ನಾವು ಸುತ್ತಬೇಕಾದ ಗೋಡೆ ಎಷ್ಟು ಉದ್ದವಿದೆಯೆಂದು ಆಗ ಅರ್ಥವಾಯಿತು; ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಳಿದು ಐಮಂಗಲದ ಕಡೆಗೆ ತಿರುಗಿ, ದುರ್ಗದಿಂದ ಸುಮಾರು 16 ಕಿ.ಮೀ. ದೂರದ ಮರಡಿಹಳ್ಳಿಯಲ್ಲಿ ನಿಂತೆವು. ಇಲ್ಲಿನ ದಿಂಬುಗಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷಗಳ ಹಿಂದೆ ಕಡಲಿನ ತಳದಲ್ಲಿ ಉಕ್ಕಿದ ಲಾವಾ, ತಣ್ಣೀರು ತಾಗಿದ ಕ್ಷಣಕ್ಕೆ ಹೊರಮೈ ಗಟ್ಟಿಯಾಗಿ ಉಂಡೆ ಉಂಡೆಯಾಗಿ ಒಂದರ ಮೇಲೊಂದು ಕೂತ ಗುರುತು ಅದು. ಹತ್ತಿರ ಹೋಗಿ ಕೈಯಾಡಿಸಿದರೆ ಪ್ರತಿ ಉಂಡೆಗೂ ಬೇರೆ ಬಣ್ಣದ ತೆಳುವಾದ ಸಿಪ್ಪೆಯಿರುವುದು ಕಾಣುತ್ತದೆ; ಮದುವೆ ಮನೆಯ ಮೂಲೆಯಲ್ಲಿ ರಾಶಿ ಹಾಕಿದ ಬಾಡಿಗೆ ದಿಂಬುಗಳಂತೆ ಕೆಳಗಿನದು ಮೇಲಿನದರ ಭಾರಕ್ಕೆ ತುಸು ಅಮುಕಿಕೊಂಡಿದೆ. ಕುಡಿಯುವ ನೀರಿಗೂ ಪರದಾಡಿದ ಈ ಸೀಮೆ ಒಂದು ಕಾಲಕ್ಕೆ ಕಡಲಿನಡಿ ಇತ್ತು ಎಂದು ಬೋರ್ಡು ಓದುತ್ತಾ ಗೆಳೆಯ ತಲೆಯಾಡಿಸಿದ. ಅಲ್ಲಿಂದ ಹಿರಿಯೂರಿನವರೆಗೆ ಹೆದ್ದಾರಿ. ಲಾರಿಗಳ ಸದ್ದು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ.

ಹೆದ್ದಾರಿ ಬಿಟ್ಟು ವಾಣಿವಿಲಾಸಪುರದ ರಸ್ತೆ ಹಿಡಿದಾಗ ಸಂಜೆಯಾಗಿತ್ತು. ಇಡೀ ದಿನ ಬಲಗಡೆ ಅಡ್ಡಗಟ್ಟಿ ನಿಂತಿದ್ದ ಬೆಟ್ಟ ಈಗ ನೇರ ಎದುರಿಗೆ ಬಂದಿತು. ಅದರಲ್ಲಿ ಎಲ್ಲಿ ಸಂದು ಇದೆಯೆಂದು ಕೊನೆಯವರೆಗೂ ತಿಳಿಯುವುದಿಲ್ಲ. ಎರಡು ಗುಡ್ಡಗಳು ಇದ್ದಕ್ಕಿದ್ದಂತೆ ಸರಿದು, ನಡುವೆ ಕಲ್ಲಿನ ಗೋಡೆ ಕಾಣುತ್ತದೆ. ಬೆಳಗಿನಿಂದ ಕಾಲಿನಲ್ಲಿ ಆ ಬೆಟ್ಟದ ಉದ್ದವನ್ನು ಅಳೆದುಕೊಂಡು ಬಂದವರಿಗೆ, ಅಣೆಕಟ್ಟನ್ನು ಇಲ್ಲೇ ಏಕೆ ಕಟ್ಟಿದರೆಂದು ಯಾರೂ ವಿವರಿಸಬೇಕಾಗಿಲ್ಲ. ನದಿ ಲಕ್ಷಾಂತರ ವರ್ಷ ಕೊರೆದು ತೆಗೆದ ಬಾಗಿಲಿಗೆ ಮನುಷ್ಯರು ಹತ್ತೇ ವರ್ಷದಲ್ಲಿ ಕದ ಹಾಕಿದರು. ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಮೈಸೂರಿನ ರಾಜಪ್ರತಿನಿಧಿಯಾಗಿದ್ದಾಗ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಸೈಕಲ್ಲುಗಳನ್ನು ಕೆಳಗೆ ನಿಲ್ಲಿಸಿ ಮೇಲೆ ಹೋದರೆ, ಏಳೆಂಟು ವರ್ಷಗಳ ಹಿಂದೆ ನಾನು ಬಿರುಕು ಬಿಟ್ಟ ಕೆಸರು ನೋಡಿದ್ದ ಜಾಗದಲ್ಲಿ ನೀರು ಮೈತುಂಬಿ ನಿಂತಿತ್ತು. ತುಂಬಿದರೆ 130 ಅಡಿ ಎಂಬುದು ಹಿರಿಯೂರಿನ ಮಕ್ಕಳಿಗೂ ಬಾಯಿಪಾಠವಾದ ಲೆಕ್ಕ. ಆ ಮಟ್ಟದಲ್ಲಿ ಜಲಾಶಯ ಹಿಡಿಯುವುದು 30 ಟಿಎಂಸಿಗಿಂತ ತುಸು ಹೆಚ್ಚು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಗೆ ಸೇರತೊಡಗಿದ್ದೂ, ಆ ವರ್ಷದ ಮಳೆಯೂ ಸೇರಿ ಕೆಲಸ ಮಾಡಿದ್ದವು. ಕಟ್ಟೆಯ ಮೇಲೆ ಕುಪ್ಪಸ, ಅರಿಸಿನ ಕುಂಕುಮ ಹಿಡಿದು ಬಂದಿದ್ದ ಹೆಂಗಸರು ನೀರಿಗೆ ಕೈಮುಗಿಯುತ್ತಿದ್ದರು. ಆ ರಾತ್ರಿ ಪುರದ ಒಂದು ಖಾನಾವಳಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡು ಮಲಗಿದ್ದಷ್ಟೇ ನೆನಪು.

ಮರುದಿನದ ದಾರಿ ಕುರುಚಲು ಕಾಡಿನದು. ಅರ್ಧ ಗಂಟೆ ತುಳಿಯುವಷ್ಟರಲ್ಲಿ ಗೆಳೆಯನ ಹಿಂದಿನ ಚಕ್ರ ಉಸಿರು ಬಿಟ್ಟಿತು. ಟೈರಿನೊಳಗೆ ಬೆರಳಾಡಿಸಿದಾಗ ಸಿಕ್ಕಿದ್ದು ಬಳ್ಳಾರಿ ಜಾಲಿಯ ಮುಳ್ಳು. ಹೊರಗೆ ಕಾಣುತ್ತಿದ್ದುದು ಸಾಸಿವೆಯಷ್ಟು, ಒಳಗಿದ್ದುದು ಕಿರುಬೆರಳಿನ ಅರ್ಧ. ಅದನ್ನು ಕೀಳದೆ ಟ್ಯೂಬು ಮಾತ್ರ ಬದಲಿಸಿದ ನಮ್ಮ ಬುದ್ಧಿವಂತಿಕೆಯಿಂದಾಗಿ ಎರಡನೆಯ ಟ್ಯೂಬೂ ಐದು ನಿಮಿಷದಲ್ಲಿ ಹೋಯಿತು.

ಹಿನ್ನೀರಿನ ಹಳ್ಳಿಗಳ ಬಳಿ ನೀರಿನ ಮುಖವೇ ಬೇರೆ. ಕಟ್ಟೆಯ ಮೇಲೆ ಗಂಭೀರವಾಗಿದ್ದದ್ದು ಇಲ್ಲಿ ಹೊಲದ ಬದುಗಳ ನಡುವೆ ನಾಲಿಗೆ ಚಾಚಿಕೊಂಡು ಬಂದಿತ್ತು. ಸೊಂಟದವರೆಗೆ ನೀರಿನಲ್ಲಿ ನಿಂತ ತೆಂಗಿನ ಮರಗಳು, ಸೋಗೆ ಜೋತುಬಿದ್ದ ಅಡಿಕೆ ಗಿಡಗಳು, ನೀರಿನೊಳಗೆ ಇಳಿದು ಮಾಯವಾದ ಒಂದು ಬಂಡಿ ದಾರಿ. ಎಮ್ಮೆ ಮೈ ತೊಳೆಯುತ್ತಿದ್ದ ಹಿರಿಯರೊಬ್ಬರನ್ನು, "ಯಜಮಾನ್ರೇ, ಕೆರೆ ತುಂಬಿದ್ದು ಸಂತೋಷ ಆಗಲಿಲ್ವಾ?" ಎಂದು ಕೇಳಿದೆ. ಕೇಳಬಾರದಿತ್ತು. ಅವರು ಎಮ್ಮೆಯ ಬೆನ್ನು ಉಜ್ಜುವುದನ್ನು ನಿಲ್ಲಿಸದೆ, "ಹಿರಿಯೂರಿನೋರು ಬಾಗಿನ ಬಿಟ್ರು, ನಾವು ತ್ವಾಟ ಬಿಟ್ವಿ" ಎಂದರು. ಕೋಡಿಯ ಎತ್ತರ ತಗ್ಗಿಸಬೇಕೆಂದು ಹೊಸದುರ್ಗದ ಕಡೆಯವರೂ, ಒಂದು ಅಂಗುಲವೂ ಕೂಡದೆಂದು ಹಿರಿಯೂರಿನ ಕಡೆಯವರೂ ಹೇಳುವುದನ್ನು ಪತ್ರಿಕೆಯಲ್ಲಿ ಓದಿದ್ದೆ. ನಲ್ಲಿಯಲ್ಲಿ ಇದೇ ನೀರು ಕುಡಿಯುವ ದುರ್ಗದವನಾದ ನನಗೆ, ಅವರೆದುರು ಯಾವ ಪಕ್ಷವೂ ಬಾಯಿಗೆ ಬರಲಿಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ನನಗೆ ಮೊದಲು ನೆನಪಾದದ್ದು ಆ ತೆಂಗಿನ ಮರಗಳು.

ಹೊಸದುರ್ಗ ದಾಟಿದ ಮೇಲೆ ರಸ್ತೆಯ ತುಂಬ ರಾಗಿ ಒಕ್ಕಣೆ. ವಾಹನಗಳು ಹಾದುಹೋಗಲೆಂದೇ ಹರಡಿದ್ದ ತೆನೆಯ ಮೇಲೆ ಕಾರುಗಳು ಸಲೀಸಾಗಿ ಹೋದರೆ, ನನ್ನ ಹಿಂದಿನ ಗೇರಿಗೆ ಹುಲ್ಲು ಸುತ್ತಿಕೊಂಡು ಸರಪಳಿ ಕಚ್ಚಿ ನಿಂತು, ನಾನು ರಾಗಿಯ ಮೇಲೆಯೇ ಮೆತ್ತಗೆ ಮಲಗಿದೆ. ಒಕ್ಕುತ್ತಿದ್ದ ಅಕ್ಕ ಓಡಿಬಂದು, ನನಗೆ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಕುಡುಗೋಲಿನಿಂದ ಹುಲ್ಲನ್ನು ಎಳೆ ಎಳೆಯಾಗಿ ಕೊಯ್ದು ಬಿಡಿಸಿಕೊಟ್ಟಳು. ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈಮುಗಿದು, ಮಂಡಕ್ಕಿ ಮೆಣಸಿನಕಾಯಿ ತಿಂದು ಹೊರಟವರಿಗೆ ದುರ್ಗದವರೆಗೂ ಮೂಡಗಾಳಿ ಎದುರಾಯಿತು. ಇಳಿಜಾರಿನಲ್ಲೂ ತುಳಿಯಬೇಕಾದ ಆ ಹಾದಿ ಜೋಗಿಮಟ್ಟಿಯ ಏರಿಗಿಂತ ಕಡುಕಷ್ಟದ್ದು.

ಎರಡು ದಿನಕ್ಕೆ ಒಟ್ಟು 190 ಕಿ.ಮೀ. ಆಗಿತ್ತು. ಕತ್ತಲಾದ ಮೇಲೆ ಗೆಳೆಯ ತನ್ನ ಸೈಕಲ್ಲನ್ನು ದಾವಣಗೆರೆ ಬಸ್ಸಿನ ಮೇಲೆ ಹಾಕಿಸುತ್ತಿದ್ದಾಗ, ಲಗೇಜು ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು ಹಿಂದಿನ ಚಕ್ರ ನೋಡಿ, "ಪಂಚರ್ ಆಗೈತಲ್ಲ ಸಾರ್, ಅದಕ್ಕಾ ಬಸ್ಸು?" ಎಂದ. ಮೂರನೆಯ ಸಲ.